ಎಡಸುತ್ತು

ಹೊರಪೇಟೆಯ ಆ ಮನೆ ಹೊಸ ಬಣ್ಣ ಬಳಿದುಕೊಂಡು
ಜಾಮೀನು ಕೇಳಲು ಬಂದವನಂತೆ
ಇಸ್ತ್ರಿ ಅಂಗಿಯಲ್ಲಿ ನಿಂತಿತ್ತು.
ಬ್ರೋಕರ್ ಚಿಕ್ಕರಂಗಪ್ಪ ಬೀಗ ತೆಗೆದು
"ನೋಡ್ಕಳಿ, ಏನೂ ಮುಚ್ಚುಮರೆ ಇಲ್ಲ" ಅಂದ.
ನಾನು ನೋಡುವುದೇ ಮುಚ್ಚಿದ್ದನ್ನು.
ಅದಕ್ಕೇ ನನಗೆ ಏಳುನೂರು ರೂಪಾಯಿ, ಒಂದು ಕಾಫಿ.

ಕೊಳ್ಳುವವರು ಸಿಸ್ಟರ್ ಜಯಶೀಲಾ.
ಜಿಲ್ಲಾಸ್ಪತ್ರೆಯ ಹೆರಿಗೆ ವಾರ್ಡಿನಿಂದ
ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದರು,
ಕಣ್ಣು ಕೆಂಪು, ಕೈಯಲ್ಲಿ ಟಿಫನ್ ಡಬ್ಬಿ,
ಡಬ್ಬಿಯ ಅಡಿಗೆ ಮಡಿಚಿಟ್ಟ ಪಿ.ಎಫ್. ಕಾಗದ.

ಗೋಡೆ ತಟ್ಟುತ್ತ ಹೋದೆ, ಬೆರಳ ಗೆಣ್ಣಿನಿಂದ.
ಗಟ್ಟಿ, ಗಟ್ಟಿ, ಗಟ್ಟಿ, ಪೊಳ್ಳು.
"ಹೊಟ್ಟೆ ತಟ್ಟಿ ನೋಡ್ದಂಗೆ" ಎಂದರು ಸಿಸ್ಟರ್.
ಪುಟ್ಟಿಯ ಹಿಂದೆ ತೇವ.
ಸೂರಿನ ಮೂಲೆಯಲ್ಲಿ ಕಾಫಿ ಚೆಲ್ಲಿದಂಥ ಕಲೆ
ಎರಡು ಕೋಟು ಬಣ್ಣದ ಕೆಳಗಿಂದಲೂ
ಇಣುಕಿ ನೋಡುತ್ತಿತ್ತು, ಯಾರು ಬಂದರು ಅಂತ.

ತಾರಸಿಗೆ ಟಾರು ಶೀಟು, ಮೇಲೆ ಬೆಳ್ಳಿ ಬಣ್ಣ.
ಒಂದು ಚೊಂಬು ನೀರು ಸುರಿದೆ.
ಕೊಳವೆಯ ಕಡೆ ಹೋಗಬೇಕಾದ ನೀರು
ಯೋಚಿಸಿತು, ತಿರುಗಿತು,
ಮೋಟುಗೋಡೆಯ ಬುಡದ ಸೀಳಿನಲ್ಲಿ
ಹೆಣ್ಣು ಕೊಟ್ಟ ಮನೆಗೆ ಬಂದ ಅಳಿಯನಂತೆ
ಯಾರನ್ನೂ ಕೇಳದೆ ಒಳಗೆ ನಡೆಯಿತು.

ಅಮೀರ್ ಜಾನ್ ಉಸ್ತಾದರು ಹೇಳುತ್ತಿದ್ದರು:
"ನೀರಿಗೂ ಕರೆಂಟಿಗೂ ದಾರಿ ಕೊಡಬೇಕು ಮಗಾ.
ನೀನು ಕೊಡ್ಲಿಲ್ಲ ಅಂದ್ರೆ ತಾವೇ ಮಾಡ್ಕಂತಾವೆ."

ಫ್ಯೂಸಿನಲ್ಲಿ ಸೈಕಲ್ ಕಡ್ಡಿಯ ತುಂಡು:
ಮನೆ ಸುಟ್ಟರೂ ಅದು ಸುಡದು.
ಅರ್ಥಿಂಗ್ ತಂತಿ ಗೋಡೆ ದಾಟಿ ಹೊರಬಂದು
ದಾಸವಾಳದ ಬುಡದಲ್ಲಿ ಒಂದೇ ಗೇಣು
ಮಣ್ಣಿಗೆ ಚುಚ್ಚಿಕೊಂಡಿತ್ತು, ಶಾಸ್ತ್ರಕ್ಕೆ.
ಗುಂಡಿಯಿಲ್ಲ, ಇದ್ದಿಲಿಲ್ಲ, ಉಪ್ಪಿಲ್ಲ.
ಚಿಕ್ಕರಂಗಪ್ಪ ಫೋನು ಕಿವಿಗಿಟ್ಟು ದೂರ ಹೋದ;
ಅದು ಬಡಿದುಕೊಂಡದ್ದು ನನಗೆ ಕೇಳಿರಲಿಲ್ಲ.

ಕೊನೆಗೆ ಹಿಂದಿನ ಕೋಣೆಯ ಅಟ್ಟ.
ತಲೆ ತೂರಿಸಿ ಟಾರ್ಚು ಬಿಟ್ಟೆ.
ಜಂತೆಯ ಮೇಲೆ ಇಲಿ ಹಿಕ್ಕೆ,
ಬಾಯ್ದೆರೆದ ಮರದ ಪಟ್ಟಿ, ಅದರಲ್ಲೊಂದು ಜಾಯಿಂಟು.
ಕಪ್ಪು ಬಟ್ಟೆ ಟೇಪು.
ಎಡಕ್ಕೆ ಸುತ್ತಿದ್ದು.

ತುಮಕೂರಲ್ಲಿ ಎಡಕ್ಕೆ ಸುತ್ತುತ್ತಿದ್ದವರು ಒಬ್ಬರೇ,
ಬಲಗೈಯ ಎರಡು ಬೆರಳನ್ನು
ಗುಬ್ಬಿ ಗೇಟಿನ ಕಂಬದಲ್ಲಿ ಬಿಟ್ಟು ಬಂದವರು.
ಸಡಿಲ ಜಾಯಿಂಟು ಕಂಡರೆ ಅದೇ ಎಡಗೈಯಲ್ಲಿ
ನನ್ನ ಕೆನ್ನೆಗೆ ಕೊಡುತ್ತಿದ್ದರು.
ಅವರ ಕೆಲಸ ಕಾಯುವುದುಂಟೆ?
ಟೇಪು ಸುಟ್ಟು ಹಪ್ಪಳವಾಗಿತ್ತು.

ಮೇನ್ ಇಳಿಸಿ, ಉಗುರಿನಿಂದ ಬಿಡಿಸಿದೆ.
ಒಳಗಿನ ತಾಮ್ರ ತಿರುಚಿದ್ದು ಬಲಕ್ಕೆ.
ಮೂರೇ ಸುತ್ತು.
ತುದಿಯಲ್ಲಿ ಹಲ್ಲಿನಿಂದ ಸಿಪ್ಪೆ ಸುಲಿದ ಗುರುತು.

ಸ್ವಂತ ಇಕ್ಕಳ ಕೊಳ್ಳುವ ಮೊದಲು
ಹಾಗೆ ಕಚ್ಚುತ್ತಿದ್ದವನು ನಾನು.
ಹದಿನಾರು ವರ್ಷ. ಸಿನಿಮಾಕ್ಕೆ ಹೊತ್ತಾಗಿತ್ತೇನೋ.
"ಆಯ್ತೇನೋ ಗಂಗಹನುಮ?" ಅಂದಿರಬೇಕು ಕೆಳಗಿಂದ.
"ಆಯ್ತು" ಅಂದಿರಬೇಕು.
ನಾನು ಓಡಿದ ಮೇಲೆ ಏಣಿ ಹತ್ತಿ
ನೋಡಿ, ಯಾಕೆ ಬಿಚ್ಚಲಿಲ್ಲ?
ರಂಜಾನಿನ ಸಂಜೆಯೋ, ಬಾಯಾರಿತ್ತೋ,
ಆ ಅಟ್ಟದಲ್ಲಿ ಬೆನ್ನು ಬಾಗಲಿಲ್ಲವೋ.
ಸುತ್ತಿಬಿಟ್ಟರು, ನೀಟಾಗಿ.
ಆ ಜಾಯಿಂಟಿಗೆ ಏಟು ಬಿದ್ದ ನೆನಪಿಲ್ಲ.

"ಏನಾದ್ರೂ ಸಿಕ್ತಾ?" ಸಿಸ್ಟರ್.
"ಜಾಯಿಂಟು ಕೆಟ್ಟಿದೆ."
"ಯಾವನ್ ಮಾಡಿದ್ನೋ."
"ನಾನೇ."

ಚಿಕ್ಕರಂಗಪ್ಪನ ಫೋನು ಕಿವಿಯಿಂದ ಇಳಿಯಿತು.
ಸಿಸ್ಟರ್ ನನ್ನ ಧೂಳುಗಾಲನ್ನೇ ನೋಡುತ್ತ
"ನಾವು ಹಾಕಿದ ಹೊಲಿಗೇನ
ಮೂವತ್ತು ವರ್ಷ ಆದ್ಮೇಲೆ ತೋರಿಸಕ್ಕೆ
ಯಾರೂ ಬರಲ್ಲ, ಪುಣ್ಯ" ಎಂದು
ಡಬ್ಬಿ ಬಿಚ್ಚಿ ಅರ್ಧ ಇಡ್ಲಿ ಮೇಲೆ ಚಾಚಿದರು.

ಎಂಟು ಸುತ್ತು ಹಾಕಿದೆ, ಇಕ್ಕಳದಲ್ಲಿ ಬಿಗಿದು.
ಟೇಪು ಹಿಡಿದಾಗ ಕೈ ಒಂದು ಗಳಿಗೆ ನಿಂತಿತು,
ಯಾವ ಕಡೆಗೆ ಎಂದು.
ಕೆಳಗೆ ಚಿಕ್ಕರಂಗಪ್ಪ
ಬೆಲೆಯಲ್ಲಿ ಐವತ್ತು ಸಾವಿರ ಇಳಿಸುತ್ತಿದ್ದ.